ಚರ್ಚಿನ ಕ್ಯಾಲೆಂಡರು, ಕೊಟ್ಟಿಗೆಯ ಕ್ಯಾಲೆಂಡರು: ಅಮೆರಿಕದ ಕಥೋಲಿಕ ಹೋಮ್‌ಸ್ಟೆಡ್ ಕುಟುಂಬದ ಒಂದು ವರ್ಷ

ಅಮೆರಿಕದ ಎಷ್ಟೋ ಮನೆಗಳಲ್ಲಿ ಈಸ್ಟರ್ ಅಂದರೆ ಹ್ಯಾಮ್ ಮತ್ತು ಮೊಟ್ಟೆ. ಹ್ಯಾಮ್ ಅಂದರೆ ಉಪ್ಪು ಹಚ್ಚಿ ಕೆಡದಂತೆ ಮಾಡಿಟ್ಟ ಹಂದಿಯ ತೊಡೆ. ಮೊಟ್ಟೆಗೆ ಬಣ್ಣ ಬಳಿದು ಮಕ್ಕಳ ಕೈಗೆ ಕೊಡುತ್ತಾರೆ. ಯಾಕೆ ಇವೆರಡೇ? ಅಂಗಡಿಯಲ್ಲಿ ಎರಡೂ ವರ್ಷವಿಡೀ ಸಿಗುತ್ತವೆ. ಹಾಗಾಗಿ ಹೆಚ್ಚಿನವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಆದರೆ ತಾವೇ ಹಂದಿ, ಕೋಳಿ ಸಾಕುವ ಮನೆಯ ಮಕ್ಕಳಿಗೆ ಉತ್ತರ ಗೊತ್ತಿರುತ್ತದೆ. ಯಾರೂ ಪಾಠ ಮಾಡಿದ್ದರಿಂದ ಅಲ್ಲ. ಫೆಬ್ರವರಿಯಲ್ಲಿ ಕೋಳಿಗೂಡಿನಲ್ಲಿ ಎಷ್ಟು ಮೊಟ್ಟೆ ಸಿಗುತ್ತಿತ್ತು, ಏಪ್ರಿಲ್‌ನಲ್ಲಿ ಎಷ್ಟು ಸಿಗುತ್ತಿದೆ ಅಂತ ಬುಟ್ಟಿ ಹಿಡಿದು ಎಣಿಸಿದವರು ಅವರೇ.

ಅಮೆರಿಕದಲ್ಲಿ ಕೆಲವು ಎಕರೆ ನೆಲ ಹಿಡಿದು, ತಮ್ಮ ಊಟದ ದೊಡ್ಡ ಪಾಲನ್ನು ತಾವೇ ಬೆಳೆದುಕೊಂಡು ಬದುಕುವುದಕ್ಕೆ ಹೋಮ್‌ಸ್ಟೆಡಿಂಗ್ ಅನ್ನುತ್ತಾರೆ. ಹೀಗೆ ಬದುಕುವ ಕಥೋಲಿಕ ಕುಟುಂಬಗಳೂ ಇವೆ. ಇವರ ಮನೆಯಲ್ಲಿ ಎರಡು ಕ್ಯಾಲೆಂಡರುಗಳು ನಡೆಯುತ್ತವೆ. ಒಂದು ಚರ್ಚಿನದು, ಇನ್ನೊಂದು ಮಣ್ಣಿನದು. ಹೊರಗಿನಿಂದ ನೋಡಿದರೆ ಕೆಲಸ ಒಂದು ಕಡೆ, ಭಕ್ತಿ ಇನ್ನೊಂದು ಕಡೆ ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿದರೆ ಹಾಗಿಲ್ಲ. ಚರ್ಚಿನ ಹಬ್ಬಗಳು, ಉಪವಾಸಗಳು ಬಹುಪಾಲು ಯುರೋಪಿನ ರೈತರ ನಡುವೆ ಬೆಳೆದು ರೂಪ ಪಡೆದವು. ಜನ ಹೊಲ ಬಿಟ್ಟು ಪಟ್ಟಣ ಸೇರಿದ ಮೇಲೆ ಹಬ್ಬಗಳು ಉಳಿದವು, ಅವುಗಳ ಕೆಳಗಿದ್ದ ನೆಲ ಮರೆಯಾಯಿತು. ಈ ಕುಟುಂಬಗಳ ವರ್ಷವನ್ನು ನೋಡಿದರೆ ಆ ನೆಲ ಮತ್ತೆ ಕಾಣುತ್ತದೆ.

ಹಿನ್ನೆಲೆ ಸ್ವಲ್ಪ ಬೇಕು. 1862ರ ಹೋಮ್‌ಸ್ಟೆಡ್ ಕಾಯ್ದೆ ಅಮೆರಿಕದಲ್ಲಿ 160 ಎಕರೆ ಸರ್ಕಾರಿ ಜಮೀನನ್ನು ಸಣ್ಣ ಶುಲ್ಕಕ್ಕೆ ಕೊಡುತ್ತಿತ್ತು. ಷರತ್ತು ಏನೆಂದರೆ, ಐದು ವರ್ಷ ಅಲ್ಲೇ ವಾಸ ಮಾಡಿ ಉಳುಮೆ ಮಾಡಬೇಕು. ಈಗ ಆ ಕಾಯ್ದೆ ಇಲ್ಲ. ಇಂದಿನ ಕುಟುಂಬಗಳು ನೆಲವನ್ನು ದುಡ್ಡು ಕೊಟ್ಟೇ ಕೊಳ್ಳಬೇಕು. ಕಥೋಲಿಕರ ಮಟ್ಟಿಗೆ ಬೇರೊಂದು ಎಳೆಯೂ ಇದೆ. 1891ರಲ್ಲಿ ಪೋಪ್ 13ನೇ ಲಿಯೋ ಕಾರ್ಮಿಕರ ಬಗ್ಗೆ 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರ, ಅಂದರೆ ಇಡೀ ಚರ್ಚಿಗೆ ಒಂದು ಪತ್ರ, ಬರೆದರು. ದುಡಿಯುವವನಿಗೆ ಸ್ವಂತದ್ದು ಅಂತ ಒಂದಿಷ್ಟು ಆಸ್ತಿ ಇರಬೇಕು, ತನ್ನ ನೆಲದಲ್ಲಿ ದುಡಿಯುವವನು ಜಾಸ್ತಿ ಮನಸ್ಸಿಟ್ಟು ದುಡಿಯುತ್ತಾನೆ ಅನ್ನುವ ಮಾತು ಅದರಲ್ಲಿದೆ. 1923ರಲ್ಲಿ ಎಡ್ವಿನ್ ಒ'ಹಾರಾ ಎಂಬ ಗುರುಗಳು ಸೇಂಟ್ ಲೂಯಿಸ್ ನಗರದಲ್ಲಿ ಗ್ರಾಮೀಣ ಕಥೋಲಿಕರಿಗಾಗಿ ಒಂದು ರಾಷ್ಟ್ರೀಯ ಸಂಘಟನೆ ಕಟ್ಟಿದರು. 1933ರಲ್ಲಿ ಡೊರೊತಿ ಡೇ ಮತ್ತು ಪೀಟರ್ ಮೊರಿನ್ ನ್ಯೂಯಾರ್ಕಿನಲ್ಲಿ ಕ್ಯಾಥೊಲಿಕ್ ವರ್ಕರ್ ಚಳವಳಿ ಶುರು ಮಾಡಿದರು. ಪಟ್ಟಣದ ನಿರುದ್ಯೋಗಿಗಳು ನೆಲಕ್ಕೆ ಮರಳಬೇಕು ಅನ್ನುವುದು ಮೊರಿನ್ ಅವರ ಆಸೆ. ಒಟ್ಟಾಗಿ ದುಡಿದು ಬಾಳುವ ಅವರ ಕೃಷಿ ಕಮ್ಯೂನುಗಳಲ್ಲಿ ಹೆಚ್ಚಿನವು ಬಹಳ ಕಾಲ ಬಾಳಲಿಲ್ಲ. ಆಸೆ ಮಾತ್ರ ಉಳಿಯಿತು.

ಮುಂದಿನ ಮಾತಿಗೆ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಊರು ವಿಸ್ಕಾನ್ಸಿನ್ ಅಥವಾ ಅಯೋವಾ ಕಡೆ. ಎಂಟು ಎಕರೆ ನೆಲ, ಒಂದು ಜೆರ್ಸಿ ಹಸು, ಎರಡು ಹಂದಿ, ಐದಾರು ಕುರಿ, ಮೂವತ್ತು ಕೋಳಿ, ಒಂದೆರಡು ಜೇನುಪೆಟ್ಟಿಗೆ, ಒಂದು ದೊಡ್ಡ ಕೈತೋಟ. ಮನೆ ತುಂಬ ಮಕ್ಕಳು.

ಇವರ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಚರ್ಚಿನ ವರ್ಷ ನವೆಂಬರ್ ಕೊನೆಗೆ ಅಥವಾ ಡಿಸೆಂಬರ್ ಮೊದಲಿಗೆ, ಕ್ರಿಸ್ಮಸ್‌ಗೆ ಕಾಯುವ ಆಗಮನ ಕಾಲದ ಮೊದಲ ಭಾನುವಾರ ಶುರುವಾಗುತ್ತದೆ. ಹೊಲದ ಲೆಕ್ಕವೂ ಆ ಹೊತ್ತಿಗೇ ಮುಗಿದು ಮತ್ತೆ ತೆರೆಯುತ್ತದೆ. ಅಕ್ಟೋಬರ್‌ನಲ್ಲಿ ನೆಟ್ಟ ಬೆಳ್ಳುಳ್ಳಿ ಆಗಲೇ ಮಣ್ಣಿನೊಳಗೆ ಬೇರು ಬಿಟ್ಟಿದೆ. ಅದನ್ನು ಕೀಳುವುದು ಮುಂದಿನ ಜುಲೈಗೆ. ನವೆಂಬರ್‌ನಲ್ಲಿ ಟಗರನ್ನು ಕುರಿಗಳ ಜೊತೆ ಬಿಡುತ್ತಾರೆ. ಕುರಿಯ ಗರ್ಭ ಸುಮಾರು 147 ದಿನ, ಅಂದರೆ ಮರಿ ಬೀಳುವುದು ಏಪ್ರಿಲ್‌ನಲ್ಲಿ. ಆಗ ಹುಲ್ಲು ಚಿಗುರಿರುತ್ತದೆ, ಈಸ್ಟರ್ ಕೂಡ ಆಸುಪಾಸಿನಲ್ಲೇ ಬರುತ್ತದೆ. ಕ್ರಿಸ್ತನನ್ನು ಕುರಿಮರಿ ಅಂತ ಕರೆಯುವ ಹಾಡು ಚರ್ಚಿನಲ್ಲಿ ಕೇಳಿ ಮನೆಗೆ ಬಂದರೆ ಕೊಟ್ಟಿಗೆಯಲ್ಲಿ ನಿಜವಾದ ಮರಿ ಕಾಯುತ್ತಿರುತ್ತದೆ.

ನವೆಂಬರ್ 11 ಸಂತ ಮಾರ್ಟಿನರ ಹಬ್ಬ. ಯುರೋಪಿನಲ್ಲಿ ಇದು ಹಿಂದಿನಿಂದಲೂ ಪ್ರಾಣಿಗಳನ್ನು ಕಡಿಯುವ ಕಾಲ. ಇದಕ್ಕೆ ಕಾರಣ ಬಹಳ ಸರಳ. ಹುಲ್ಲುಗಾವಲು ಒಣಗಿದೆ. ಚಳಿಗಾಲ ಪೂರ್ತಿ ಎಲ್ಲ ಪ್ರಾಣಿಗಳಿಗೂ ಮೇವು ಹಾಕಲು ಆಗುವುದಿಲ್ಲ. ವಸಂತದಲ್ಲಿ ತಂದ ಹಂದಿಮರಿ ಈಗ 110 ಕಿಲೋ ದಾಟಿದೆ. ಎಲ್ಲಕ್ಕಿಂತ ಮುಖ್ಯವಾಗಿ ಹೊರಗೆ ಸಾಕಷ್ಟು ಚಳಿ ಇದೆ. ಮಾಂಸ ಕೆಡುವುದಿಲ್ಲ, ನೊಣ ಇರುವುದಿಲ್ಲ. ಈ ಕೆಲಸವನ್ನು ಇಂಥ ಕುಟುಂಬಗಳು ಮಕ್ಕಳಿಂದ ಮುಚ್ಚಿಡುವುದಿಲ್ಲ. ಹಂದಿಗೆ ಏಳು ತಿಂಗಳು ಮೇವು ಹಾಕಿದವರು ಆ ದಿನ ಅಲ್ಲಿ ಇರುತ್ತಾರೆ, ಕೆಲವು ಮನೆಗಳಲ್ಲಿ ಮೊದಲು ಒಂದು ಪ್ರಾರ್ಥನೆ ಹೇಳುತ್ತಾರೆ. ಕೊಬ್ಬನ್ನು ಕಾಯಿಸಿ ಜಾಡಿಗೆ ತುಂಬುತ್ತಾರೆ. ತೊಡೆಗೆ ಉಪ್ಪು ತಿಕ್ಕಿ ತಣ್ಣಗಿನ ಜಾಗದಲ್ಲಿ ಇಡುತ್ತಾರೆ. ಆಮೇಲೆ ತೂಗುಹಾಕುತ್ತಾರೆ.

ಈ ತೊಡೆ ನೆನಪಿರಲಿ.

ಆಗಮನ ಕಾಲ ಕಾಯುವ ಕಾಲ. ಹೊರಗೂ ಹಾಗೇ. ವಿಸ್ಕಾನ್ಸಿನ್‌ನಲ್ಲಿ ಡಿಸೆಂಬರ್ ಕೊನೆಗೆ ಹಗಲು ಒಂಬತ್ತು ಗಂಟೆಯ ಹತ್ತಿರಕ್ಕೆ ಇಳಿಯುತ್ತದೆ. ಕೋಳಿಗಳು ಮೊಟ್ಟೆ ಇಡುವುದು ಬೆಳಕಿನ ಲೆಕ್ಕದಲ್ಲಿ. ಚೆನ್ನಾಗಿ ಇಡಬೇಕಾದರೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಗೂಡಿಗೆ ದೀಪ ಹಾಕದಿದ್ದರೆ ಚಳಿಗಾಲದಲ್ಲಿ ಮೊಟ್ಟೆ ತೀರಾ ಕಡಿಮೆಯಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಹಸುವೂ ಗಬ್ಬವಾಗಿದ್ದು ವಸಂತದಲ್ಲಿ ಕರು ಹಾಕುವುದಿದ್ದರೆ, ಸುಮಾರು ಎರಡು ತಿಂಗಳು ಮೊದಲೇ ಹಾಲು ಕರೆಯುವುದನ್ನು ನಿಲ್ಲಿಸಬೇಕು. ಒಳಗಿನ ಕರುವಿಗೂ ಹಸುವಿಗೂ ಆ ಬಿಡುವು ಬೇಕು. ಹಾಗಾಗಿ ಚಳಿಗಾಲ ಸಾಗಿದಂತೆ ಮನೆಯಲ್ಲಿ ಹೊಸದಾಗಿ ಬರುವ ಆಹಾರ ಒಂದೊಂದಾಗಿ ನಿಲ್ಲುತ್ತಾ ಹೋಗುತ್ತದೆ.

ಕ್ರಿಸ್ಮಸ್ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಹಿಂದಿನಿಂದ ಬಂದ ಲೆಕ್ಕದಲ್ಲಿ ಡಿಸೆಂಬರ್ 25ರಂದು ಶುರುವಾಗಿ ಜನವರಿ 6ರ ಪ್ರಭು ಪ್ರಕಟಣೆಯ ಹಬ್ಬದವರೆಗೆ ನಡೆಯುತ್ತದೆ. ಆ ದಿನ ಆಶೀರ್ವದಿಸಿದ ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ, ಬಾಲ ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಹೆಸರಿನ ಮೊದಲ ಅಕ್ಷರ ಮತ್ತು ವರ್ಷ ಬರೆಯುವ ಪದ್ಧತಿ ಇದೆ. ಹಬ್ಬ ಇಷ್ಟು ಉದ್ದ ಇರುವುದಕ್ಕೆ ಧಾರ್ಮಿಕ ಕಾರಣ ಇದ್ದೇ ಇದೆ. ಆದರೆ ರೈತನಿಗೆ ಇಡೀ ವರ್ಷದಲ್ಲಿ ಪುರುಸೊತ್ತು ಸಿಗುವುದೂ ಆಗಲೇ. ಹೊಲ ಹಿಮದಡಿ ಇದೆ, ಉಗ್ರಾಣ ತುಂಬಿದೆ. ಹನ್ನೆರಡು ದಿನ ಹಬ್ಬ ಮಾಡಲು ಜುಲೈನಲ್ಲಿ ಯಾವ ರೈತನಿಗೆ ಆಗುತ್ತದೆ?

ಫೆಬ್ರವರಿ 2 ಲೆಕ್ಕ ನೋಡುವ ದಿನ. ಚರ್ಚಿನಲ್ಲಿ ಅದು ಬಾಲ ಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ ಹಬ್ಬ. ಅಂದು ವರ್ಷಕ್ಕೆ ಬೇಕಾದ ಮೇಣದಬತ್ತಿಗಳನ್ನು ಆಶೀರ್ವದಿಸುತ್ತಾರೆ. ಹಳೆಯ ಕಾಲದಲ್ಲಿ ಪೂಜೆಯ ಬತ್ತಿ ಜೇನುಮೇಣದ್ದೇ ಆಗಿರಬೇಕು ಅನ್ನುವ ನಿಯಮ ಇತ್ತು. ಜೇನು ಸಾಕುವವರು ಇಂದೂ ಆಸೆಯಿಂದ ತಮ್ಮದೇ ಮೇಣದ ಬತ್ತಿ ಒಯ್ಯುತ್ತಾರೆ. ಇದೇ ದಿನಕ್ಕೆ ಇಂಗ್ಲಿಷ್ ರೈತರ ಹಳೆಯ ಎಚ್ಚರಿಕೆಯೊಂದಿದೆ: ಈ ಹಬ್ಬದ ಹೊತ್ತಿಗೆ ಅರ್ಧ ಹುಲ್ಲು, ಅರ್ಧ ಮೇವು ಉಳಿದಿರಬೇಕು. ಚಳಿಗಾಲ ಅರ್ಧ ಮುಗಿಯಿತು ಅಂತ ಹಿಗ್ಗುವ ಹಾಗಿಲ್ಲ. ಹೊಸ ಹುಲ್ಲು ಬರಲು ಇನ್ನೂ ಮೂರು ತಿಂಗಳು ಬೇಕು. ಅಟ್ಟ ಹತ್ತಿ ಪಿಂಡಿ ಎಣಿಸುತ್ತಾರೆ. ಕಮ್ಮಿ ಬಿದ್ದರೆ ಈಗಲೇ ಕೊಳ್ಳಬೇಕು. ಮಾರ್ಚ್‌ನಲ್ಲಿ ಎಲ್ಲರಿಗೂ ಕಮ್ಮಿ ಬೀಳುತ್ತದೆ, ಆಗ ಬೆಲೆ ಏರುತ್ತದೆ. ಅಮೆರಿಕದಲ್ಲಿ ಅದೇ ದಿನ ಗ್ರೌಂಡ್‌ಹಾಗ್ ಪ್ರಾಣಿ ಬಿಲದಿಂದ ಹೊರಬಂದು ತನ್ನ ನೆರಳು ನೋಡುತ್ತದೆಯೇ ಅಂತ ಕಾಯುವ ಆಟವೂ ನಡೆಯುತ್ತದೆ. ಅದರ ಬೇರು ಕೂಡ ಈ ಹಬ್ಬದ ದಿನ ಹವಾಮಾನ ನೋಡುವ ಜರ್ಮನ್ ರೈತರ ಪದ್ಧತಿಯಲ್ಲಿದೆ.

ಈಗ ತಪಸ್ಸುಕಾಲ. ನನ್ನ ಮಟ್ಟಿಗೆ ಇಡೀ ವರ್ಷದ ಗುಟ್ಟು ಇರುವುದು ಇಲ್ಲೇ.

ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ಈ ಅವಧಿ ಫೆಬ್ರವರಿಯಿಂದ ಏಪ್ರಿಲ್ ನಡುವೆ ಬೀಳುತ್ತದೆ. ಈಸ್ಟರ್ ಯಾವಾಗ ಅನ್ನುವುದು ಚಂದ್ರನ ಲೆಕ್ಕ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಆದ ಮೇಲಿನ ಮೊದಲ ಭಾನುವಾರ. ಹಾಗಾಗಿ ಅದು ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಎಂದಾದರೂ ಬರಬಹುದು. ಇಂದಿನ ಚರ್ಚಿನ ನಿಯಮ ಹಗುರ. 18ರಿಂದ 59 ವರ್ಷದವರು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ ಮಾಡಬೇಕು. 14 ದಾಟಿದವರು ಆ ಎರಡು ದಿನ ಮತ್ತು ತಪಸ್ಸುಕಾಲದ ಶುಕ್ರವಾರಗಳಂದು ಮಾಂಸ ತಿನ್ನಬಾರದು. ಮಧ್ಯಯುಗದ ಪಶ್ಚಿಮ ಯುರೋಪಿನಲ್ಲಿ ನಿಯಮ ಬಹಳ ಕಠಿಣ ಇತ್ತು. ನಲವತ್ತು ದಿನವೂ ಮಾಂಸ ಇಲ್ಲ. ಎಷ್ಟೋ ಕಡೆ ಹಾಲು, ಬೆಣ್ಣೆ, ಮೊಟ್ಟೆಯೂ ಇಲ್ಲ.

ಪಟ್ಟಣದಲ್ಲಿ ಕೂತು ಓದಿದರೆ ಇದು ಸುಮ್ನೆ ಶಿಕ್ಷೆಯ ಹಾಗೆ ಕಾಣುತ್ತದೆ ಅಲ್ವಾ? ಈಗ ನಮ್ಮ ಎಂಟು ಎಕರೆಯ ಮನೆಯ ನೆಲಮಾಳಿಗೆಗೆ ಇಳಿದು ನೋಡಿ. ಮಾರ್ಚ್ ತಿಂಗಳು. ಆಲೂಗಡ್ಡೆ ಮೊಳಕೆ ಒಡೆದು ಮೆತ್ತಗಾಗಿದೆ. ಈರುಳ್ಳಿ ಹಸಿರು ಬಿಟ್ಟಿದೆ. ಎಲೆಕೋಸಿನ ಹೊರ ಎಲೆ ಕೊಳೆತು ಒಳಗಿನ ಗಟ್ಟಿ ಉಂಡೆ ಮಾತ್ರ ಉಳಿದಿದೆ. ಹೊರಗೆ ಹಿಮ ಕರಗುತ್ತಿದೆ, ಆದರೆ ತೋಟದಲ್ಲಿ ತಿನ್ನುವಂಥದ್ದು ಏನೂ ಇಲ್ಲ. ವಸಂತದ ಮೊದಲ ತರಕಾರಿಗಳಾದ ರೂಬಾರ್ಬ್, ಆಸ್ಪರಾಗಸ್ ಕೈಗೆ ಬರುವುದು ಏಪ್ರಿಲ್ ಕೊನೆಗೆ, ಮೇ ತಿಂಗಳಿಗೆ. ವರ್ಷದಲ್ಲಿ ಹೊಟ್ಟೆಗೆ ಬಿಗಿಯಾದ ಕಾಲ ಅಂದರೆ ಡಿಸೆಂಬರ್ ಅಂತ ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಬಿಗಿಯಾಗಿರುವುದು ಮಾರ್ಚ್. ಹಳೆಯದು ಮುಗಿದಿದೆ, ಹೊಸದು ಬಂದಿಲ್ಲ.

ಇಲ್ಲೇ ಒಂದು ವಿಷಯ ಗಮನಿಸಬೇಕು. ಮೊಟ್ಟೆ ಮತ್ತು ಹಾಲು ವಾಪಸ್ ಬರಲು ಶುರುವಾಗುವುದೂ ಇದೇ ಹೊತ್ತಿಗೆ. ಹಗಲು ಬೆಳೆದಂತೆ ಕೋಳಿಗಳು ಮತ್ತೆ ಇಡತೊಡಗುತ್ತವೆ. ಹಿಂದಿನ ರೈತನಿಗೆ ಈ ಮೊದಲ ಮೊಟ್ಟೆಗಳು ತಿನ್ನುವುದಕ್ಕಿಂತ ಮರಿ ಮಾಡಿಸುವುದಕ್ಕೆ ಬೇಕಿದ್ದವು. ಮರಿಯಾಗಲು 21 ದಿನ ಸಾಕು, ವಸಂತದಲ್ಲಿ ಹುಟ್ಟಿದ ಹೇಂಟೆ ಆ ಶರತ್ಕಾಲದಲ್ಲೇ ಮೊಟ್ಟೆಗೆ ಬರುತ್ತದೆ. ಆಗಷ್ಟೇ ಹುಟ್ಟಿದ ಕರುವಿಗೂ ಮೊದಲ ಹಾಲು ಬೇಕು. ತಪಸ್ಸುಕಾಲದ ನಿಯಮವನ್ನು ಯಾರೋ ಇದನ್ನೆಲ್ಲ ಲೆಕ್ಕ ಹಾಕಿ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಅದರ ಕಾರಣ ಕ್ರಿಸ್ತನ ನಲವತ್ತು ದಿನದ ಉಪವಾಸ. ಆದರೆ ನಿಯಮ ಬೇರೂರಿದ ನೆಲದಲ್ಲಿ ಅದು ಹೊಟ್ಟೆಗೂ ಅರ್ಥವಾಗುವಂತಿತ್ತು. ಬಡವ, ಶ್ರೀಮಂತ ಇಬ್ಬರೂ ಒಟ್ಟಿಗೆ ಕಡಿಮೆ ತಿಂದಾಗ, ಇಲ್ಲದಿರುವುದು ಅವಮಾನವಾಗಲಿಲ್ಲ, ಪ್ರಾರ್ಥನೆಯಾಯಿತು. ಈ ಮಾತನ್ನು ನಾನು ಪೂರ್ತಿ ನಂಬುತ್ತೇನೆ.

ಕೋಳಿಗೆ ತಪಸ್ಸುಕಾಲ ಗೊತ್ತಿಲ್ಲ. ಅದು ಇಡುತ್ತಲೇ ಇರುತ್ತದೆ. ಮೊಟ್ಟೆ ತಿನ್ನದ ನಲವತ್ತು ದಿನದಲ್ಲಿ ಮನೆಯಲ್ಲಿ ಬುಟ್ಟಿಗಟ್ಟಲೆ ಸೇರುತ್ತದೆ. ಈಸ್ಟರ್ ದಿನ ಅಷ್ಟೂ ಹೊರಬರುತ್ತದೆ. ಇತ್ತ ನವೆಂಬರ್‌ನಲ್ಲಿ ಉಪ್ಪು ಹಚ್ಚಿ ಇಟ್ಟ ತೊಡೆ ಚಳಿಗಾಲ ಪೂರ್ತಿ ಹದವಾಗಿ ಈಗ ತಿನ್ನಲು ಸಿದ್ಧ. ಬಿಸಿಲು ಜೋರಾಗುವ ಮೊದಲು ಅದನ್ನು ಇಳಿಸುವುದೂ ಒಳ್ಳೆಯದೇ. ಹ್ಯಾಮ್ ಮತ್ತು ಮೊಟ್ಟೆ ಈಸ್ಟರ್ ಊಟವಾಗಿದ್ದು ಹೀಗೆ. ಪೋಲೆಂಡಿನಿಂದ ಬಂದ ಕುಟುಂಬಗಳು ಇಂದಿಗೂ ಈಸ್ಟರ್ ಹಿಂದಿನ ದಿನವಾದ ಪವಿತ್ರ ಶನಿವಾರ ಮೊಟ್ಟೆ, ಹ್ಯಾಮ್, ಉಪ್ಪು, ಕುರಿಮರಿ ಆಕಾರದ ಬೆಣ್ಣೆ ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಚರ್ಚಿಗೆ ಒಯ್ದು ಆಶೀರ್ವಾದ ಪಡೆಯುತ್ತವೆ. ಆ ಬುಟ್ಟಿಯಲ್ಲಿ ಇರುವುದೆಲ್ಲ ತಮ್ಮದೇ ಅಂಗಳದ್ದು ಆಗಿದ್ದರೆ ಅದರ ತೂಕವೇ ಬೇರೆ.

ಸಿಹಿಯ ಮಾತು ಬಿಟ್ಟುಹೋಗಬಾರದು. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಅದು ಕರಗುವಷ್ಟು ಬಿಸಿಲು ಇರುವ ಕೆಲವೇ ವಾರಗಳಲ್ಲಿ ಮೇಪಲ್ ಮರದ ರಸ ಹರಿಯುತ್ತದೆ. ಇದೂ ತಪಸ್ಸುಕಾಲದಲ್ಲೇ. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಪಾಕ ಸಿಗುತ್ತದೆ. ಬೆಂಕಿ ಮುಂದೆ ರಾತ್ರಿಯಿಡೀ ಕೂರಬೇಕು. ಎಷ್ಟೋ ಮನೆಗಳಲ್ಲಿ ಮಾಡಿದ ಪಾಕವನ್ನು ಈಸ್ಟರ್‌ವರೆಗೆ ಮುಟ್ಟದೆ ಇಡುತ್ತಾರೆ.

ಪಾಸ್ಖ ಜಾಗರಣೆಯ ರಾತ್ರಿ, ಅಂದರೆ ಈಸ್ಟರ್ ಹಿಂದಿನ ರಾತ್ರಿ, ಕತ್ತಲ ಚರ್ಚಿನಲ್ಲಿ ದೊಡ್ಡ ಮೇಣದಬತ್ತಿ ಹಚ್ಚಿ ಒಂದು ಉದ್ದ ಸ್ತುತಿ ಹಾಡುತ್ತಾರೆ. ಅದರಲ್ಲಿ ಜೇನುಹುಳಗಳ ಕೆಲಸದ ಪ್ರಸ್ತಾಪ ಬರುತ್ತದೆ. ಹಳೆಯ ಇಂಗ್ಲಿಷ್ ಅನುವಾದದಲ್ಲಿ ಬಿಟ್ಟುಹೋಗಿದ್ದ ಆ ಸಾಲು 2011ರ ಅನುವಾದದಲ್ಲಿ ಮರಳಿತು. ಜೇನು ಸಾಕುವ ಮನೆಯ ಮಕ್ಕಳು ಆ ಸಾಲಿಗೆ ಕಿವಿ ನಿಮಿರಿಸಿ ಕಾಯುತ್ತಾರೆ. ಚಳಿಗಾಲ ಕಳೆದು ಪೆಟ್ಟಿಗೆಯೊಳಗೆ ಹುಳ ಬದುಕಿದೆಯೋ ಇಲ್ಲವೋ ಅಂತ ಗೊತ್ತಾಗುವುದೂ ಆಗಲೇ.

ಈಸ್ಟರ್ ಮುಗಿದರೆ ಬಿತ್ತನೆ. ಇದಕ್ಕೂ ಚರ್ಚಿನಲ್ಲಿ ದಿನಗಳಿವೆ. ಏಪ್ರಿಲ್ 25ರಂದು, ಮತ್ತು ಈಸ್ಟರ್ ಆಗಿ ಸುಮಾರು ಆರು ವಾರಕ್ಕೆ ಬರುವ ಸ್ವರ್ಗಾರೋಹಣದ ಹಬ್ಬಕ್ಕೆ ಮುಂಚಿನ ಮೂರು ದಿನ, ಸಂತರ ಪ್ರಾರ್ಥನಾಮಾಲೆ ಹೇಳುತ್ತಾ ಹೊಲದ ಸುತ್ತ ಮೆರವಣಿಗೆ ಹೋಗುವ ಪದ್ಧತಿ ಇತ್ತು. ಇವನ್ನು ರೊಗೇಶನ್ ದಿನಗಳು ಅನ್ನುತ್ತಾರೆ. ಏಪ್ರಿಲ್ 25 ಅನ್ನುವುದು ಹಳೆಯ ರೋಮಿನಲ್ಲಿ ಗೋಧಿಗೆ ತುಕ್ಕು ರೋಗ ಬಾರದಿರಲಿ ಅಂತ ಪೂಜೆ ಮಾಡುತ್ತಿದ್ದ ದಿನ. ಚರ್ಚು ಅದೇ ದಿನ ತನ್ನ ಮೆರವಣಿಗೆ ಇಟ್ಟಿತು. ಸ್ವರ್ಗಾರೋಹಣದ ಮುಂಚಿನ ಮೂರು ದಿನಗಳನ್ನು ಸುಮಾರು 470ರಲ್ಲಿ ಫ್ರಾನ್ಸಿನ ವಿಯೆನ್ ಊರಿನ ಧರ್ಮಾಧ್ಯಕ್ಷ ಮಾಮೆರ್ಟಸ್ ಶುರು ಮಾಡಿದರು. 1969ರ ಕ್ಯಾಲೆಂಡರ್ ಸುಧಾರಣೆಯ ನಂತರ ಇವನ್ನು ಹೇಗೆ, ಯಾವಾಗ ಆಚರಿಸಬೇಕು ಅನ್ನುವುದನ್ನು ಆಯಾ ದೇಶದ ಧರ್ಮಾಧ್ಯಕ್ಷರಿಗೆ ಬಿಡಲಾಯಿತು. ಹೆಚ್ಚಿನ ಕಡೆ ಮರೆತೇ ಹೋದವು. ಹೋಮ್‌ಸ್ಟೆಡ್ ಕುಟುಂಬಗಳು ಇವನ್ನು ಮತ್ತೆ ಹಿಡಿದಿವೆ. ಫಾದರ್ ಬರಲು ಒಪ್ಪಿದರೆ ಅವರು ತೀರ್ಥ ಚಿಮುಕಿಸುತ್ತಾ ಮುಂದೆ ನಡೆಯುತ್ತಾರೆ. ಬರಲಾಗದಿದ್ದರೆ ಅಪ್ಪನೇ ಶಿಲುಬೆ ಹಿಡಿದು ನಡೆಯುತ್ತಾನೆ, ಮಕ್ಕಳು ಹಿಂದೆ. ಚರ್ಚಿನ ಹಳೆಯ ವಿಧಿಪುಸ್ತಕದಲ್ಲಿ ಬೀಜಕ್ಕೆ, ಹೊಲಕ್ಕೆ, ಜೇನುಹುಳಕ್ಕೆ, ಕಾಯಿಲೆ ಬಿದ್ದ ದನಕ್ಕೆ, ಬೆಣ್ಣೆಗೆ, ಹಂದಿ ಕೊಬ್ಬಿಗೂ ಬೇರೆ ಬೇರೆ ಆಶೀರ್ವಾದದ ಪ್ರಾರ್ಥನೆಗಳಿವೆ. ಹೊಟ್ಟೆಪಾಡಿನ ಯಾವ ವಸ್ತುವನ್ನೂ ಆ ಪುಸ್ತಕ ಕೀಳು ಅಂದುಕೊಂಡಿಲ್ಲ.

ಮೇ 15 ಸಂತ ಇಸಿದೋರರ ದಿನ. ಇವರು ಸುಮಾರು 1070ರಿಂದ 1130ರವರೆಗೆ ಮ್ಯಾಡ್ರಿಡ್ ಬಳಿ ಬದುಕಿದ ಕೂಲಿ ರೈತ. ಉತ್ತವರು, ಆದರೆ ಹೊಲ ಅವರದಲ್ಲ. 1622ರಲ್ಲಿ ಇಗ್ನೇಷಿಯಸ್ ಲೊಯೋಲಾ, ಫ್ರಾನ್ಸಿಸ್ ಕ್ಸೇವಿಯರ್, ಆವಿಲಾದ ತೆರೇಸಾ ಅಂಥ ಘಟಾನುಘಟಿಗಳ ಜೊತೆಯಲ್ಲೇ ಇವರನ್ನೂ ಸಂತ ಎಂದು ಘೋಷಿಸಿದರು. ಅವರ ಹೆಂಡತಿ ಮರಿಯಾ ಕೂಡ ಪೂಜ್ಯರೇ. ಇವರ ಹಬ್ಬಕ್ಕೆ ಸ್ವಲ್ಪ ಮುಂಚೆ, ಮೇ 11ರಿಂದ, ಮಧ್ಯ ಯುರೋಪಿನವರು 'ಹಿಮದ ಸಂತರು' ಅಂತ ಕರೆಯುವ ದಿನಗಳಿವೆ. ಅವು ಕಳೆಯುವವರೆಗೆ ಟೊಮ್ಯಾಟೊ ಸಸಿ ಹೊರಗೆ ನೆಡಬೇಡಿ ಅನ್ನುವುದು ಅಲ್ಲಿನ ರೈತರ ಮಾತು. ವಿಸ್ಕಾನ್ಸಿನ್, ಅಯೋವಾದಲ್ಲೂ ಅದು ಬಹುಮಟ್ಟಿಗೆ ಹೊಂದುತ್ತದೆ. ಟೆಕ್ಸಾಸ್‌ನಲ್ಲಿ ಹೊಂದುವುದಿಲ್ಲ. ಅಲ್ಲಿ ಮೇ ಅಂದರೆ ಆಗಲೇ ಸುಡುವ ಬಿಸಿಲು. ಭೂಮಧ್ಯರೇಖೆ ದಾಟಿ ಆಸ್ಟ್ರೇಲಿಯಾಕ್ಕೆ ಹೋದರಂತೂ ಈಸ್ಟರ್ ಬರುವುದು ಶರತ್ಕಾಲದಲ್ಲಿ. ಹಬ್ಬದ ಅರ್ಥ ಎಲ್ಲ ಕಡೆ ಒಂದೇ. ಅದು ಬೇರೂರಿದ ನೆಲ ಮಾತ್ರ ಉತ್ತರದ ಚಳಿನಾಡಿನದು. ಬೇರೆ ಕಡೆಯ ಕುಟುಂಬಗಳು ಹೊಂದಿಕೆಯನ್ನು ತಾವೇ ಕಂಡುಕೊಳ್ಳಬೇಕು.

ಬೇಸಿಗೆಯಲ್ಲಿ ಹೇಳಿಕೊಳ್ಳುವಂಥ ಹಬ್ಬ ಕಡಿಮೆ, ಕೆಲಸ ಜಾಸ್ತಿ. ಜೂನ್ ಅಂದರೆ ಹುಲ್ಲು. ಕೊಯ್ದ ಹುಲ್ಲು ಎರಡು ಮೂರು ದಿನ ಬಿಸಿಲಲ್ಲಿ ಒಣಗಬೇಕು. ತೇವ ಶೇಕಡಾ 20ಕ್ಕಿಂತ ಜಾಸ್ತಿ ಇರುವಾಗಲೇ ಪಿಂಡಿ ಕಟ್ಟಿದರೆ ಒಳಗೇ ಬಿಸಿಯಾಗುತ್ತದೆ, ಕೆಲವೊಮ್ಮೆ ತಾನೇ ಹೊತ್ತಿಕೊಂಡು ಕೊಟ್ಟಿಗೆಯನ್ನೇ ಸುಡುತ್ತದೆ. ಜೆರ್ಸಿ ಹಸುವೊಂದು ದಿನಕ್ಕೆ ಸುಮಾರು 11 ಕಿಲೋ ಒಣಹುಲ್ಲು ತಿನ್ನುತ್ತದೆ. ಆರು ತಿಂಗಳ ಚಳಿಗಾಲಕ್ಕೆ ಎರಡು ಟನ್. ಇಪ್ಪತ್ತು ಕಿಲೋದ ಪಿಂಡಿಯಾದರೆ ನೂರು ಬೇಕು.

ಆಗಸ್ಟ್ 15, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ. ಜರ್ಮನಿ, ಪೋಲೆಂಡ್ ಮೂಲದವರು ಅಂದು ಔಷಧಿ ಗಿಡಗಳನ್ನೂ ಹೂಗಳನ್ನೂ ಕಟ್ಟಿಕೊಂಡು ಚರ್ಚಿಗೆ ಒಯ್ಯುತ್ತಾರೆ. ಆದರೆ ನಮ್ಮ ಮನೆಯ ಅಮ್ಮನ ಆಗಸ್ಟ್ ಕಳೆಯುವುದು ಒಲೆಯ ಮುಂದೆ. ಟೊಮ್ಯಾಟೊ, ಬೀನ್ಸ್, ಮೆಕ್ಕೆಜೋಳ, ಪೀಚ್ ಎಲ್ಲ ಒಂದೇ ಸಲ ಹಣ್ಣಾಗುತ್ತವೆ. ಗಾಜಿನ ಜಾಡಿಗೆ ತುಂಬಿ ಬಿಸಿ ಮಾಡಿ ಮುಚ್ಚುವ ಕ್ಯಾನಿಂಗ್ ಕೆಲಸ ಇದು. ಇಲ್ಲಿ ಅಜ್ಜಿ ಮಾಡುತ್ತಿದ್ದಳು ಅನ್ನುವ ಮಾತು ಸಾಲದು. ಹುಳಿ ಇರುವ ಪದಾರ್ಥಕ್ಕೆ ಕುದಿನೀರು ಸಾಕು. ಟೊಮ್ಯಾಟೊ ಹುಳಿಯ ಅಂಚಿನಲ್ಲಿದೆ, ಹಾಗಾಗಿ ಸುಮಾರು ಒಂದು ಲೀಟರಿನ ಜಾಡಿಗೆ ಎರಡು ದೊಡ್ಡ ಚಮಚ ಬಾಟಲಿಯ ನಿಂಬೆರಸ ಹಾಕಲೇಬೇಕು. ಬೀನ್ಸ್, ಮೆಕ್ಕೆಜೋಳ, ಮಾಂಸಕ್ಕೆ ಒತ್ತಡದ ಪಾತ್ರೆಯಲ್ಲಿ ಸುಮಾರು 116 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಾಟ್ಯುಲಿಸಂ ಎಂಬ ಪ್ರಾಣ ತೆಗೆಯಬಲ್ಲ ಆಹಾರವಿಷ ತರುವ ಬ್ಯಾಕ್ಟೀರಿಯಾದ ಬೀಜಕಣ ಕುದಿನೀರಿಗೆ ಸಾಯುವುದಿಲ್ಲ. ಅದರ ವಿಷ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಗೊತ್ತಾಗದಿರಬಹುದು. ಪ್ರಾರ್ಥನೆ ಎಷ್ಟು ಮುಖ್ಯವೋ ಪರೀಕ್ಷಿಸಿದ ವಿಧಾನವೂ ಅಷ್ಟೇ ಮುಖ್ಯ. ಆ ಜಾಡಿ ತೆರೆಯುವುದು ಮಕ್ಕಳ ಊಟಕ್ಕೆ.

ಸೆಪ್ಟೆಂಬರ್‌ನಲ್ಲಿ ಎಂಬರ್ ದಿನಗಳು ಬರುತ್ತವೆ. ವರ್ಷಕ್ಕೆ ನಾಲ್ಕು ಸಲ, ಋತುವಿಗೊಂದರಂತೆ, ಬುಧವಾರ, ಶುಕ್ರವಾರ, ಶನಿವಾರ ಉಪವಾಸ ಮಾಡುವ ಹಳೆಯ ಪದ್ಧತಿ. ಈಗ ಕಡ್ಡಾಯ ಇಲ್ಲ, ಇಷ್ಟಪಟ್ಟವರು ಮಾಡುತ್ತಾರೆ. ಸೆಪ್ಟೆಂಬರ್‌ನದು ನನಗೆ ವಿಶೇಷ ಅನ್ನಿಸುತ್ತದೆ. ಉಗ್ರಾಣ ಅತಿ ಹೆಚ್ಚು ತುಂಬಿರುವ ವಾರದಲ್ಲಿ ಕೈ ತಡೆದು ಕೂರುವುದು ಮಾರ್ಚ್‌ನ ಉಪವಾಸಕ್ಕಿಂತ ಕಷ್ಟ. ಮಾರ್ಚ್‌ನಲ್ಲಿ ಹೇಗೂ ಏನೂ ಇರುವುದಿಲ್ಲ.

ಇನ್ನು ಭಾನುವಾರ. ಚರ್ಚಿನ ಕಾನೂನಿನ ಪ್ರಕಾರ ಭಾನುವಾರ ಬಲಿಪೂಜೆಗೆ, ಅಂದರೆ ಚರ್ಚಿನ ಮಾಸ್‌ಗೆ, ಹೋಗಬೇಕು, ಆರಾಧನೆಗೂ ವಿಶ್ರಾಂತಿಗೂ ಅಡ್ಡಿಯಾಗುವ ಕೆಲಸ ಬಿಡಬೇಕು. ಆದರೆ ಹಸು ಭಾನುವಾರವೂ ಹಾಲು ಕೊಡುತ್ತದೆ. ಪ್ರಾಣಿಗೆ ನೀರು, ಮೇವು ಕೊಡುವಂಥ ಅಗತ್ಯದ ಕೆಲಸಕ್ಕೆ ಚರ್ಚು ಯಾವತ್ತೂ ಅಡ್ಡಿ ಹೇಳಿಲ್ಲ. ಬೇಲಿ ರಿಪೇರಿ, ಕಳೆ ಕೀಳುವುದು ಮಾತ್ರ ನಿಲ್ಲುತ್ತದೆ. ಅನುಭವಸ್ಥರು ಶನಿವಾರವೇ ನೀರು ತುಂಬಿಸಿ, ಮೇವು ಇಳಿಸಿ, ಭಾನುವಾರದ ಅಡುಗೆಯನ್ನೂ ಅರ್ಧ ಮಾಡಿಟ್ಟಿರುತ್ತಾರೆ. ಚರ್ಚು ಒಂದು ಗಂಟೆಯ ದಾರಿ ಇರಬಹುದು. ಅದಕ್ಕೆ ಎಷ್ಟೋ ಜನ ಕರುವನ್ನು ಹಗಲು ತಾಯಿಯ ಜೊತೆಗೇ ಬಿಟ್ಟು, ರಾತ್ರಿ ಮಾತ್ರ ಬೇರೆ ಕಟ್ಟಿ, ಬೆಳಿಗ್ಗೆ ಒಂದೇ ಹೊತ್ತು ಕರೆಯುತ್ತಾರೆ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಮೂರು ದಿನ ಚರ್ಚಿಗೆ ಓಡಾಡಬೇಕಾದಾಗ ಕರುವನ್ನು ರಾತ್ರಿಯೂ ಬಿಟ್ಟರಾಯಿತು, ಅದೇ ಕುಡಿದು ಮುಗಿಸುತ್ತದೆ. ಹಾಲು ಕಮ್ಮಿ, ನೆಮ್ಮದಿ ಜಾಸ್ತಿ.

ದುಡ್ಡಿನ ವಿಷಯ ನೇರವಾಗಿ ಹೇಳಬೇಕು. ಚೆಂದದ ಫೋಟೊಗಳಲ್ಲಿ ಅದು ಕಾಣುವುದಿಲ್ಲ. ಎಂಟು ಎಕರೆಯಿಂದ ಊಟ ಬರುತ್ತದೆ, ಸಾಲದ ಕಂತು ಬರುವುದಿಲ್ಲ. ಅಮೆರಿಕದ ಬಹುಪಾಲು ಕೃಷಿ ಕುಟುಂಬಗಳಿಗೆ ಆದಾಯದ ದೊಡ್ಡ ಪಾಲು ಹೊಲದ ಹೊರಗಿನ ಕೆಲಸದಿಂದಲೇ ಸಿಗುತ್ತದೆ. ಅಲ್ಲಿ ಆರೋಗ್ಯ ವಿಮೆ ಸಾಮಾನ್ಯವಾಗಿ ನೌಕರಿಗೆ ಅಂಟಿಕೊಂಡಿರುವುದರಿಂದ ಒಬ್ಬರಾದರೂ ಹೊರಗೆ ದುಡಿಯಬೇಕಾಗುತ್ತದೆ. ಮಾರಾಟಕ್ಕೂ ಕಟ್ಟುಗಳಿವೆ. ಸ್ವಂತ ಮನೆಗೆ ಹಂದಿ ಕಡಿದರೆ ಸರ್ಕಾರಿ ತಪಾಸಣೆ ಬೇಕಿಲ್ಲ, ಮಾರುವುದಾದರೆ ನಿಯಮಗಳೇ ಬೇರೆ. ಕಾಯಿಸದ ಹಾಲನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕುಡಿಯಲು ಮಾರುವುದನ್ನು 1987ರಿಂದ ನಿಷೇಧಿಸಲಾಗಿದೆ. ರಾಜ್ಯದೊಳಗಿನ ನಿಯಮ ಒಂದೊಂದು ಕಡೆ ಒಂದೊಂದು ಥರ. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವುದು ಎಲ್ಲ 50 ರಾಜ್ಯಗಳಲ್ಲೂ ಕಾನೂನುಬದ್ಧ. ಇಂಥ ಕುಟುಂಬಗಳಲ್ಲಿ ಹಲವು ಹಾಗೇ ಮಾಡುತ್ತವೆ. ಇದೆಲ್ಲದರ ಭಾರ ಬಹಳ ಸಲ ತಾಯಿಯ ಮೇಲೆ ಬೀಳುತ್ತದೆ. ಗರ್ಭಿಣಿಯಾಗಿ, ಕೈಯಲ್ಲೊಂದು ಕೂಸು ಹಿಡಿದು, ಆಗಸ್ಟ್‌ನಲ್ಲಿ ನೂರು ಜಾಡಿ ತುಂಬುವುದು ಒಬ್ಬರ ಕೆಲಸವಲ್ಲ. ಈ ಬದುಕನ್ನು ಹೊಗಳುವವರು ಇದನ್ನು ಮೊದಲು ಹೇಳಬೇಕು.

ಹಾಗಾಗಿ ಒಂಟಿಯಾಗಿ ದೂರದ ಕಾಡಿಗೆ ಹೋಗಿ ನೆಲೆಸುವುದಕ್ಕಿಂತ ಜೊತೆಗಾರರ ಹತ್ತಿರ ನೆಲ ಹುಡುಕುವುದೇ ಸರಿ ಅಂತ ನನ್ನ ಅಭಿಪ್ರಾಯ. ಇದಕ್ಕೆ ಹಳೆಯ ಉದಾಹರಣೆ ಅಯೋವಾದ ಗ್ರೇಂಜರ್. 1930ರ ದಶಕದ ಆರ್ಥಿಕ ಕುಸಿತದ ಹೊತ್ತಿನಲ್ಲಿ ಅಲ್ಲಿನ ಧರ್ಮಕೇಂದ್ರದ ಗುರು ಲುಯಿಜಿ ಲಿಗುಟ್ಟಿ ಸರ್ಕಾರದ ಯೋಜನೆಯೊಂದರಿಂದ ಹಣ ತಂದು 50 ಮನೆಗಳನ್ನು ಕಟ್ಟಿಸಿದರು. ಬಂದವರಲ್ಲಿ ಕಲ್ಲಿದ್ದಲು ಗಣಿಯ ಕೆಲಸಗಾರರೇ ಹೆಚ್ಚು. ಗಣಿ ವರ್ಷವಿಡೀ ನಡೆಯುತ್ತಿರಲಿಲ್ಲ, ಕೆಲಸ ಇಲ್ಲದ ತಿಂಗಳುಗಳಲ್ಲಿ ಕೆಲವು ಎಕರೆ ನೆಲ ಮನೆಯವರ ಹೊಟ್ಟೆ ತುಂಬಿಸಿತು. 1936ರಲ್ಲಿ ಎಲಿನಾರ್ ರೂಸ್‌ವೆಲ್ಟ್ ಅದನ್ನು ನೋಡಲು ಬಂದಿದ್ದರು. ಈಗಿನ ಉದಾಹರಣೆ ಓಕ್ಲಹೋಮಾದ ಹಲ್ಬರ್ಟ್ ಬಳಿಯ ಕ್ಲಿಯರ್ ಕ್ರೀಕ್ ಮಠ. ಫ್ರಾನ್ಸಿನ ಫೋಂಗೊಂಬೋ ಮಠದಿಂದ ಬಂದ ಬೆನೆಡಿಕ್ಟೀನ್ ಸನ್ಯಾಸಿಗಳು 1999ರಲ್ಲಿ ಇದನ್ನು ಶುರು ಮಾಡಿದರು. ಮಠದ ಗಂಟೆ ಕೇಳುವಷ್ಟು ಹತ್ತಿರದಲ್ಲಿರಬೇಕು ಅಂತ ಆಸೆಪಟ್ಟ ಕುಟುಂಬಗಳು ಸುತ್ತಮುತ್ತ ನೆಲ ಕೊಂಡು ನೆಲೆಸಿವೆ. ಎರಡೂ ಕಡೆ ನೆಲ ಆಯಾ ಕುಟುಂಬದ್ದೇ. ಆದರೆ ಕರೆದರೆ ಬರುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆ ಇದೆ. ಜೂನ್‌ನಲ್ಲಿ ಮೋಡ ಕವಿದಾಗ ನೂರು ಪಿಂಡಿ ಹುಲ್ಲು ಸಂಜೆಯೊಳಗೆ ಅಟ್ಟ ಸೇರಬೇಕಾದರೆ ಅಷ್ಟಾದರೂ ಬೇಕು.